ಒಂಬತ್ತು ಸಲ ಆಫ್ರಿಕಾ ಗೆದ್ದವಳ ಊರು

ಸೆನೆಗಲ್ ದೇಶದಲ್ಲಿ ಪೈಲ್ವಾನನಿಗಿರುವ ಮರ್ಯಾದೆ ಮಂತ್ರಿಗೂ ಇದ್ದ ಹಾಗೆ ಕಾಣಲಿಲ್ಲ. ಡಾಕರ್ ಪೇಟೆಯಲ್ಲಿ ಎತ್ತ ತಿರುಗಿದರೂ ಅವರದೇ ಫಲಕ. ಬೆಟ್ಟದಂಥ ದೇಹ, ತೋಳಿಗೂ ಸೊಂಟಕ್ಕೂ ಸುತ್ತಿದ ತಾಯತಗಳು, ಎದುರಾಳಿಯನ್ನು ದುರುಗುಟ್ಟಿ ನೋಡುವ ಕಣ್ಣು. ಈ ಕುಸ್ತಿಗೆ ಅಲ್ಲಿ ‘ಲಾಂಬ್’ ಎನ್ನುತ್ತಾರೆ. ನಮ್ಮ ನಾಡಕುಸ್ತಿಯ ಹಾಗೆ ಬರೀ ಪಟ್ಟು ಹಾಕಿ ಕೆಡವುವುದಲ್ಲ, ಮುಖಕ್ಕೆ ಗುದ್ದಲೂಬಹುದು. ಗುದ್ದಾಟಕ್ಕೆ ಮುಂಚೆ ಬಹಳ ಹೊತ್ತು ಶಾಸ್ತ್ರ ನಡೆಯುತ್ತದೆ. ಮಂತ್ರಿಸಿದ ನೀರನ್ನು ಬಾಟಲಿಗಟ್ಟಲೆ ಮೈಮೇಲೆ ಸುರಿದುಕೊಳ್ಳಬೇಕು, ಡೋಲಿನ ಪೆಟ್ಟಿಗೆ ಕುಣಿಯಬೇಕು, ಜನರಿಗೆ ಕೈಯೆತ್ತಿ ತೋರಿಸಬೇಕು. ಇಷ್ಟೆಲ್ಲ ಆದ ಮೇಲೆ ಕುಸ್ತಿ ಕೆಲವೊಮ್ಮೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ದೊಡ್ಡ ಜಟ್ಟಿಗಳಿಗೆ ಒಂದು ಕಾಳಗಕ್ಕೆ ಹತ್ತು ಕೋಟಿ ಸೀಫಾ ಫ್ರಾಂಕ್ ಕೊಡುವುದೂ ಉಂಟು. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ ಒಂದೂವರೆ ಕೋಟಿ ರೂಪಾಯಿ. ನಗರದ ಪಕ್ಕದ ಪಿಕಿನ್‌ನಲ್ಲಿ ಕುಸ್ತಿಗೆಂದೇ ಇಪ್ಪತ್ತು ಸಾವಿರ ಆಸನಗಳ ಕ್ರೀಡಾಂಗಣ ಇದೆ. ಚೀನಾದವರು ಕಟ್ಟಿಕೊಟ್ಟದ್ದು, 2018ರಲ್ಲಿ ಉದ್ಘಾಟನೆ ಆಯಿತು.

ಈ ಲಾಂಬ್ ಅಖಾಡದಲ್ಲಿ ಹೆಂಗಸರ ಕುಸ್ತಿ ಇಲ್ಲ. ಅವರು ಹಾಡಬಹುದು, ಜಟ್ಟಿಯ ಗುಣಗಾನ ಮಾಡಬಹುದು. ತೊಡೆ ತಟ್ಟುವುದು ಗಂಡಸರಿಗೇ ಮೀಸಲು.

ಟ್ಯಾಕ್ಸಿಯವನನ್ನು ಕೇಳಿದೆ, “ಇಸಬೆಲ್ ಸಾಂಬೂ ಗೊತ್ತುಂಟಾ?” ಅಣ್ಣ ಅದನ್ನು ಫ್ರೆಂಚಿಗೆ ತಿರುಗಿಸಿದ. ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಹಾಡುವವಳಾ?” ಎಂದ. ಅವನ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಇಬ್ಬರು ಪೈಲ್ವಾನರ ಸ್ಟಿಕ್ಕರ್ ಇತ್ತು. ಸಾಂಬೂ ಕುಸ್ತಿಯಲ್ಲಿ ಒಂಬತ್ತು ಸಲ ಆಫ್ರಿಕಾ ಚಾಂಪಿಯನ್, ಎರಡು ಒಲಿಂಪಿಕ್ಸ್ ಕಂಡವಳು, 2016ರ ರಿಯೊದಲ್ಲಿ ತನ್ನ ದೇಶದ ಬಾವುಟ ಹಿಡಿದು ಮುಂದೆ ನಡೆದವಳು. ಕುಸ್ತಿಯೆಂದರೆ ಪ್ರಾಣ ಬಿಡುವ ಜನರ ರಾಜಧಾನಿಯಲ್ಲಿ ಅವಳ ಹೆಸರು ಹೇಳಿದರೆ ಹಾಡುವವಳಾ ಎಂದು ಕೇಳುತ್ತಾರೆ! ಅವಳ ಊರು ನೋಡಲೇಬೇಕು ಎಂದು ನಾನು ಅಣ್ಣನಿಗೆ ಅಲ್ಲೇ ಹೇಳಿಬಿಟ್ಟೆ.

ಹೇಗೂ ನಾವು ಹೊರಟದ್ದು ಆ ದಿಕ್ಕಿಗೇ. ಅಣ್ಣನದು ಗೇರುಬೀಜದ ವ್ಯಾಪಾರ. ಮಂಗಳೂರಿನ ಗೇರು ಕಾರ್ಖಾನೆಗಳಿಗೆ ಊರಿನ ಬೆಳೆ ಸಾಲದೆ ಪಶ್ಚಿಮ ಆಫ್ರಿಕಾದಿಂದ ಹಸಿ ಬೀಜ ತರಿಸುವುದು ಕರಾವಳಿಯವರಿಗೆ ಗೊತ್ತಿರುವ ವಿಷಯ. ಅದರಲ್ಲಿ ಸೆನೆಗಲ್‌ನ ದಕ್ಷಿಣದ ತುಂಡು ಕಾಸಮಾಂಸ್‌ನ ಬೀಜಕ್ಕೆ ಒಳ್ಳೆಯ ಹೆಸರಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಹಂಗಾಮು. ಆಗ ಅಲ್ಲಿನ ಜಿಗಿಂಶೋರ್ ಪೇಟೆಯಲ್ಲಿ ಹಿಂದಿ, ಗುಜರಾತಿ, ಮಲಯಾಳ ಎಲ್ಲ ಕಿವಿಗೆ ಬೀಳುತ್ತದೆ. ವರ್ಷವರ್ಷವೂ ಹೋಗುವ ಅಣ್ಣ, ಈ ಸಲ ನನ್ನನ್ನೂ ಕಟ್ಟಿಕೊಂಡು ಹೊರಟಿದ್ದ.

ಡಾಕರ್‌ಗೂ ಕಾಸಮಾಂಸ್‌ಗೂ ನಡುವೆ ಗ್ಯಾಂಬಿಯಾ ಎಂಬ ಇನ್ನೊಂದು ದೇಶವೇ ಅಡ್ಡ ಮಲಗಿದೆ. ಆದ್ದರಿಂದ ತುಂಬ ಜನ ಹಡಗಿನಲ್ಲೇ ಹೋಗುತ್ತಾರೆ. ರಾತ್ರಿ ಎಂಟರ ಸುಮಾರಿಗೆ ಹೊರಟ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಗ್ಯಾಂಬಿಯಾವನ್ನು ಬಳಸಿಕೊಂಡು ಹೋಗಿ, ಬೆಳಗಾಗುವಾಗ ಕಾಸಮಾಂಸ್ ನದಿಯ ಅಳಿವೆಯೊಳಗೆ ನುಗ್ಗುತ್ತದೆ. ಹಡಗಿನ ಹೆಸರು ಅಲೀನ್ ಸಿತೊಯೆ ಜಾಟಾ. ಈಕೆಯ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕಬ್ರೂಸ್ ಎಂಬ ಹಳ್ಳಿಯ ಹುಡುಗಿ, ಡಾಕರ್‌ನಲ್ಲಿ ಮನೆಗೆಲಸ ಮಾಡಿಕೊಂಡಿದ್ದವಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಊರಿಗೆ ಮರಳಿ, ಮಳೆ ತರಿಸುವ ಪೂಜಾರ್ತಿಯಾದಳು. ಫ್ರೆಂಚರು ಹೇಳಿದ ಶೇಂಗಾ ಬೇಡ, ನಮ್ಮದೇ ಭತ್ತ ಬೆಳೆಯಿರಿ, ಅವರಿಗೆ ಅಕ್ಕಿಯ ಕಂದಾಯ ಕೊಡಬೇಡಿ ಎಂದಳು. 1943ರಲ್ಲಿ ಅವಳನ್ನು ಹಿಡಿದು, ದೂರದ ಟಿಂಬಕ್ಟುಗೆ ಗಡೀಪಾರು ಮಾಡಿದರು. ಮರುವರ್ಷ ಅಲ್ಲೇ ತೀರಿಕೊಂಡಳು, ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು.

ಇದೇ ದಾರಿಯಲ್ಲಿ ಮೊದಲು ಓಡುತ್ತಿದ್ದ ಹಡಗಿಗೆ ‘ಜೋಲಾ’ ಎಂದು ಹೆಸರು, ಈ ಸೀಮೆಯ ಜನಾಂಗದ್ದೇ ಹೆಸರು. 2002ರ ಸೆಪ್ಟೆಂಬರ್ 26ರ ರಾತ್ರಿ ಅದು ಗ್ಯಾಂಬಿಯಾದ ಎದುರು ಮಗುಚಿ 1,863 ಮಂದಿ ಸತ್ತರು, ಬದುಕಿದವರು 64. ಟೈಟಾನಿಕ್‌ಗಿಂತ ಹೆಚ್ಚು ಸಾವು. ಆದರೂ ನಮ್ಮ ಕಡೆ ಆ ಹೆಸರು ಕೇಳಿದವರು ಎಷ್ಟು ಮಂದಿ? ಅಣ್ಣ ಇದನ್ನು ನನಗೆ ಹೇಳಿದ್ದು ಹಡಗು ಹತ್ತಿಯಾದ ಮೇಲೆ. ನಿದ್ದೆ ಬರಲಿಲ್ಲ.

ನಿದ್ದೆಗೆಟ್ಟದ್ದಕ್ಕೆ ಬೆಳಗ್ಗೆ ಬಹುಮಾನ ಸಿಕ್ಕಿತು. ನದಿಯೋ ಸಮುದ್ರವೋ ಎಂದು ತಿಳಿಯದಷ್ಟು ಅಗಲದ ನೀರು, ಎರಡೂ ದಡಗಳಲ್ಲಿ ಕಾಂಡ್ಲಾ ಕಾಡು, ಹಡಗಿನ ಮೂತಿಯೆದುರು ಪಲ್ಟಿ ಹೊಡೆಯುವ ಡಾಲ್ಫಿನ್‌ಗಳು. ಕಾಂಡ್ಲಾದ ಹಿಂದೆ ಏರಿ ಕಟ್ಟಿ ಮಾಡಿದ ಗದ್ದೆಗಳು. ನನ್ನ ತವರು ಕುಮಟಾದ ಕಡೆ. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ನುಗ್ಗಿದರೂ ಜಪ್ಪಯ್ಯ ಎನ್ನದ ಕಗ್ಗ ಭತ್ತ ಬೆಳೆಯುವುದನ್ನು ನೋಡಿಕೊಂಡೇ ದೊಡ್ಡವಳಾದೆ. ಜೋಲಾ ಜನರೂ ಶತಮಾನಗಳಿಂದ ಮಾಡುತ್ತ ಬಂದದ್ದು ಅದನ್ನೇ: ಕಾಂಡ್ಲಾ ಕಡಿದು ಏರಿ ಹಾಕುವುದು, ಮಳೆನೀರಿನಿಂದ ಉಪ್ಪು ತೊಳೆಯುವುದು, ಭತ್ತ ನೆಡುವುದು. ಆಫ್ರಿಕಾದ್ದೇ ಆದ ಭತ್ತದ ತಳಿಯನ್ನು ಪಳಗಿಸಿದ ಪ್ರದೇಶಗಳಲ್ಲಿ ಇದೂ ಒಂದು. ಅಷ್ಟು ದೂರ ಹೋಗಿ ಗಜನಿಯನ್ನು ನೋಡುತ್ತೇನೆಂದು ಯಾರು ಎಣಿಸಿದ್ದರು!

ಜಿಗಿಂಶೋರ್‌ನಲ್ಲಿ ಅಣ್ಣನ ಕೆಲಸ ಮುಗಿಯುವುದನ್ನು ಕಾಯಬೇಕಾಯಿತು. ಮಾವಿನ ಮರಗಳ ಕೆಳಗೆ ಗೋಣಿ ಚೀಲಗಳ ರಾಶಿ. ಚೀಲಕ್ಕೆ ಬಂಬು ತಿವಿದು ಬೀಜ ತೆಗೆಯುವುದು, ಕತ್ತರಿಸಿ ತಿರುಳು ನೋಡುವುದು, ತಲೆ ಅಲ್ಲಾಡಿಸುವುದು, ದರ ಮುರಿಯುವುದು. ಆ ವ್ಯವಹಾರ ಓದುಗರಿಗೆ ಬೇಡ.

ಅಲ್ಲಿಂದ, ಸಾಂಬೂಳ ಊರಿಗೆ ಹೋಗುವ ದಾರಿಯಲ್ಲಿರುವ ಉಸುಯ್‌ಗೆ ಸುಮಾರು ನಲವತ್ತು ಕಿಲೋಮೀಟರ್. ಏಳು ಜನ ಕೂರುವ ಹಳೇ ಪೂಜೋ ಕಾರು ಇಲ್ಲಿನ ಸರ್ವಿಸ್ ಗಾಡಿ. ನಡುವೆ ಸೈನಿಕರ ತಪಾಸಣೆ. 1982ರಿಂದ ಇಲ್ಲಿ ಪ್ರತ್ಯೇಕ ನಾಡಿನ ಬಂಡಾಯ ನಡೆದಿತ್ತು, ಈಗ ಬಹಳ ಮಟ್ಟಿಗೆ ತಣ್ಣಗಾಗಿದೆ. ದಾರಿಯ ಇಕ್ಕೆಲಗಳಲ್ಲೂ ಗೇರು, ಮಾವು, ತಾಳೆ. ಕಳ್ಳು ಇಳಿಸುವವನು ಸೊಂಟಕ್ಕೂ ಮರಕ್ಕೂ ಒಂದೇ ಬಳೆ ಹಾಕಿಕೊಂಡು ಮೇಲೇರುತ್ತಿದ್ದ.

ಉಸುಯ್‌ಗೆ ಒಬ್ಬ ಅರಸ ಇದ್ದಾನೆ. 1984ರಲ್ಲಿ ಹಿಂದಿನ ಅರಸ ತೀರಿಕೊಂಡ ಮೇಲೆ ಹದಿನಾರು ವರ್ಷ ಸಿಂಹಾಸನ ಖಾಲಿ ಇತ್ತು. 2000ದಲ್ಲಿ ಸಿಬಿಲುಂಬಾಯ್ ಜೇದ್ಯೂ ಪಟ್ಟಕ್ಕೆ ಬಂದ. ಸಿಂಹಾಸನ ಎಂದರೆ ಒಂದು ಸಣ್ಣ ಮರದ ಮಣೆ. ಮೈಮೇಲೆ ಕೆಂಪು ನಿಲುವಂಗಿ, ತಲೆಗೆ ಕೆಂಪು ಟೋಪಿ, ಕೈಯಲ್ಲಿ ಒಂದು ಪುಟ್ಟ ಹಿಡಿಸೂಡಿ. ಅರಸ ಉಣ್ಣುವುದನ್ನು, ನೀರು ಕುಡಿಯುವುದನ್ನು ಯಾರೂ ನೋಡಬಾರದು. ಅವನ ಗದ್ದೆಯಲ್ಲಿ ಊರವರೇ ದುಡಿಯುತ್ತಾರೆ, ಆ ಭತ್ತ ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತದೆ. ಕೊಟ್ಟದ್ದನ್ನು ಡಂಗುರ ಸಾರುವ ಪದ್ಧತಿ ಇಲ್ಲ. ಮಳೆಗಾಲದ ಕೊನೆಗೆ, ಕೊಯ್ಲಿಗೆ ಮೊದಲು, ಅರಸನ ಹಬ್ಬ. ಆ ಹಬ್ಬದಲ್ಲಿ ಅರಸನೆದುರು ಕುಸ್ತಿ ನಡೆಯುತ್ತದೆ, ಹುಡುಗಿಯರೂ ಕಣಕ್ಕಿಳಿಯುತ್ತಾರೆ.

ಇದನ್ನು ಕೇಳಿ ನಾನು ಕಾರಿನಲ್ಲಿ ನೆಟ್ಟಗೆ ಕೂತೆ. ಡಾಕರ್‌ನಲ್ಲಿ ಹೆಣ್ಣು ಅಖಾಡಕ್ಕೆ ಇಳಿಯುವ ಹಾಗಿಲ್ಲ. ಅದೇ ದೇಶದ ಈ ಮೂಲೆಯಲ್ಲಿ ಅರಸನ ಹಬ್ಬಕ್ಕೇ ಹುಡುಗಿಯರ ಕುಸ್ತಿ ಬೇಕು. ಜೋಲಾ ಹಳ್ಳಿಗಳಲ್ಲಿ ಹುಡುಗ ಹುಡುಗರೊಡನೆ, ಹುಡುಗಿ ಹುಡುಗಿಯರೊಡನೆ ಸೆಣಸುತ್ತಾರೆ. ಗಂಡುಮಕ್ಕಳಲ್ಲಿ ಗೆದ್ದವನಿಗೂ ಹೆಣ್ಣುಮಕ್ಕಳಲ್ಲಿ ಗೆದ್ದವಳಿಗೂ ಮದುವೆ ಮಾಡುತ್ತಿದ್ದ ಕಾಲವೂ ಇತ್ತು. ಜಾತಕ ನೋಡುವ ತಂಟೆಯೇ ಇಲ್ಲ.

ಉಸುಯ್ ದಾಟಿ ಹತ್ತು ಕಿಲೋಮೀಟರ್ ಹೋದರೆ ಸಾಂಬೂಳ ಊರು ಮ್ಲೊಂಪ್. ಕಾರಿನಿಂದ ಇಳಿದ ಕೂಡಲೇ ಕತ್ತೆತ್ತಿ ನಿಂತುಬಿಟ್ಟೆ. ಬಿಳಿ ಬೂರುಗದ ಮರಗಳು. ಬೂರುಗ ನಮ್ಮಲ್ಲೂ ಉಂಟು, ದಿಂಬಿಗೆ ಹತ್ತಿ ಕೊಡುವ ಸಾಧು ಮರ. ಇಲ್ಲಿಯದು ಬೇರೆಯೇ ಜಾತಿಯ ಜೀವವೇನೋ ಅನ್ನಿಸಿತು. ಬುಡದ ಬೇರುಗಳು ನೆಲದ ಮೇಲೆ ಆಳೆತ್ತರದ ಗೋಡೆಗಳಾಗಿ ಹರಡಿಕೊಂಡಿವೆ. ಎರಡು ಬೇರಿನ ನಡುವಿನ ಸಂದಿಯಲ್ಲಿ ಆರೇಳು ಮಕ್ಕಳು ಮನೆಯಾಟ ಆಡುತ್ತಿದ್ದರು, ಒಬ್ಬಳು ಬೇರಿನ ಮೇಲೆ ಕಾಲು ಇಳಿಬಿಟ್ಟು ಕೂತು ಯಜಮಾನಿಕೆ ಮಾಡುತ್ತಿದ್ದಳು. ಮರಗಳ ಹಿಂದೆ ಮಣ್ಣಿನ ಮಾಳಿಗೆ ಮನೆಗಳು. ಸಿಮೆಂಟಿಲ್ಲ, ಕಬ್ಬಿಣವಿಲ್ಲ. ಮಣ್ಣಿನ ದಪ್ಪ ಕಂಬ, ತಾಳೆಯ ತೊಲೆ, ಮೇಲೊಂದು ಅಂತಸ್ತು. ಕೈಯಿಂದ ಮೆತ್ತಿದ ಗೋಡೆಯ ಮೇಲೆ ಬೆರಳ ಗುರುತು ಇನ್ನೂ ಕಾಣುತ್ತದೆ.

“ಕಸುಮಾಯ್,” ಎಂದರು ಎದುರಾದವರೆಲ್ಲ. “ಕಸುಮಾಯ್ ಕೆಪ್,” ಎನ್ನಬೇಕು ನಾವು. ಅಣ್ಣ ಕಲಿಸಿಕೊಟ್ಟಿದ್ದ.

ಇಸಬೆಲ್ ಸಾಂಬೂ ಹುಟ್ಟಿದ್ದು ಇಲ್ಲಿ, 1980ರಲ್ಲಿ. ಹೆಂಗಸರ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದೇ 2004ರಲ್ಲಿ. ಅಂದರೆ ಅವಳು ಮರಳಲ್ಲಿ ಕೈ ಪಳಗಿಸುವ ಹೊತ್ತಿಗೆ ಒಲಿಂಪಿಕ್ಸ್ ಕನಸು ಕಾಣುವ ಪ್ರಶ್ನೆಯೇ ಇರಲಿಲ್ಲ. ಹಳ್ಳಿಯ ಕುಸ್ತಿಗೂ ಮ್ಯಾಟ್ ಮೇಲಿನ ಫ್ರೀಸ್ಟೈಲ್‌ಗೂ ದೂರ ಬಹಳ. ಮರಳಲ್ಲಿ ಎದುರಾಳಿ ಬಿದ್ದರೆ ಆಟ ಮುಗಿಯಿತು, ಎದ್ದು ಕುಣಿಯಬಹುದು. ಮ್ಯಾಟ್ ಮೇಲೆ ಬಿದ್ದಲ್ಲಿಂದಲೇ ಅಸಲು ಆಟ ಶುರು. ಕೆಳಗೆ ಬಿದ್ದವಳ ಕಾಲಿಗೆ ಕಾಲು ಸಿಕ್ಕಿಸಿ ಉರುಳಿಸಬೇಕು, ಅಂಕ ಕೂಡಿಸಬೇಕು, ಎರಡೂ ಭುಜ ಒತ್ತಿ ಹಿಡಿಯಬೇಕು. ಮರಳಿನ ಜಟ್ಟಿಗೆ ಇದು ಮೊದಲಿನಿಂದ ಕಲಿಯಬೇಕಾದ ವಿದ್ಯೆ. ಕೊಲ್ಹಾಪುರ, ದಾವಣಗೆರೆ, ಹಳಿಯಾಳದ ಮಣ್ಣಿನಿಂದ ಮ್ಯಾಟಿಗೆ ಹೋದವರನ್ನು ಕೇಳಿದರೂ ಇದೇ ಗೋಳು ಹೇಳುತ್ತಾರೆ.

ಕಲಿತಳು. ಒಂದಲ್ಲ ಎರಡಲ್ಲ, ಒಂಬತ್ತು ಸಲ ಆಫ್ರಿಕಾ ಖಂಡದ ಪಟ್ಟ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 48 ಕೆಜಿ ವಿಭಾಗದಲ್ಲಿ ಕಂಚಿನ ಪದಕದ ಕುಸ್ತಿವರೆಗೆ ಹೋದಳು. ಎದುರಿಗೆ ಕೆನಡಾದ ಕ್ಯಾರಲ್ ಹ್ಯೂನ್, ಹಿಂದಿನ ಬೀಜಿಂಗ್ ಒಲಿಂಪಿಕ್ಸ್‌ನ ಚಿನ್ನದ ಹುಡುಗಿ. ಸಾಂಬೂ ಸೋತಳು, ಐದನೇ ಸ್ಥಾನ. ಅಷ್ಟೇ ತಾನೇ ಎನ್ನುವ ಮುಂಚೆ ಒಂದು ಲೆಕ್ಕ ನೋಡಿ. ಸೆನೆಗಲ್‌ಗೆ ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದ ಪದಕ ಒಂದೇ ಒಂದು, 1988ರ ಸೋಲ್‌ನಲ್ಲಿ ಅಮಾದೂ ಜಾ ಬಾ 400 ಮೀಟರ್ ಹರ್ಡಲ್ಸ್‌ನಲ್ಲಿ ಗೆದ್ದ ಬೆಳ್ಳಿ. ಮ್ಲೊಂಪ್‌ನ ಈ ಹೆಂಗಸು ಅಂದು ಗೆದ್ದಿದ್ದರೆ ದೇಶದ ಚರಿತ್ರೆಯಲ್ಲಿ ಎರಡನೆಯದು ಅವಳದಾಗುತ್ತಿತ್ತು. ರಿಯೊಗೆ ಹೋಗುವಾಗ ವಯಸ್ಸು ಮೂವತ್ತೈದು ದಾಟಿತ್ತು, 53 ಕೆಜಿ ವಿಭಾಗಕ್ಕೆ ಏರಿದ್ದಳು. ಜಪಾನಿನ ಸಾವೊರಿ ಯೊಶಿದಾ, ನಮ್ಮ ಬಬಿತಾ ಫೋಗಟ್ ಇದ್ದ ಅದೇ ವಿಭಾಗ. ಅಲ್ಲಿಗೆ ಸ್ಪರ್ಧೆ ಮುಗಿಸಿ ಊರಿಗೆ ಬಂದವಳು ಮಕ್ಕಳಿಗೆ ಕುಸ್ತಿ ಹೇಳಿಕೊಡಲು ನಿಂತಳು.

ನಾವು ಹೋದಾಗ ಆಕೆಯನ್ನು ಕಾಣುವ ಯೋಗ ಇರಲಿಲ್ಲ. ಊರಲ್ಲಿ ಪ್ರತಿಮೆ ಇದೆಯೇ, ಫಲಕ ಇದೆಯೇ ಎಂದು ಹುಡುಕಿದೆ. ನನ್ನ ಕಣ್ಣಿಗೇನೂ ಬೀಳಲಿಲ್ಲ. ಆದರೆ ಅವಳ ಹೆಸರು ಹೇಳಿದ್ದೇ ತಡ, ಊರಿಗೆ ಊರೇ ನೆಂಟಸ್ತಿಕೆ ಹೇಳಲು ಮುಂದೆ ಬಂತು. ಸೋಡಾ ಮಾರುವವಳಿಗೆ ಅವಳು ದೊಡ್ಡಮ್ಮನ ಮಗಳು. ಸೈಕಲ್ ರಿಪೇರಿಯವನಿಗೆ ಅತ್ತೆ. ಒಬ್ಬ ಮುದುಕ, ತಾನು ಅವಳಿಗೆ ಅಜ್ಜನಾಗಬೇಕು ಎಂದು ಎದೆ ತಟ್ಟಿಕೊಂಡ. ಎಲ್ಲರೂ ನಿಜವೇ ಹೇಳುತ್ತಿರಬಹುದು, ಸಣ್ಣ ಊರು. ಡಾಕರ್‌ನ ಜಟ್ಟಿಗಿರುವುದು ಸಿನಿಮಾ ನಟನ ಜನಪ್ರಿಯತೆ. ಇಲ್ಲಿ ಅವಳ ಜನಪ್ರಿಯತೆಯನ್ನು ಎಲ್ಲರೂ ಮನೆಯ ಆಸ್ತಿಯ ಹಾಗೆ ಪಾಲು ಹಾಕಿಕೊಂಡಿದ್ದಾರೆ. ಇದರಲ್ಲಿ ದುಡ್ಡು ಹುಟ್ಟುವುದಿಲ್ಲ, ಅದು ನಿಜ. ಹತ್ತು ಕೋಟಿ ಸೀಫಾ ಎಲ್ಲಿ, ಮ್ಯಾಟ್ ಕೂಡ ಇಲ್ಲದ ಈ ಮರಳ ಕಣ ಎಲ್ಲಿ. ಈ ಅನ್ಯಾಯವನ್ನು ನನಗೆ ಇವತ್ತಿಗೂ ನುಂಗಲು ಆಗಿಲ್ಲ.

ಸೋಡಾ ಮಾರುವವಳಿಗೆ ನಾನು ಬಗೆಬಗೆಯಲ್ಲಿ ಕೇಳಿದೆ. ಅವಳು ಕುಸ್ತಿಗೆ ಇಳಿದಾಗ ಮನೆಯಲ್ಲಿ ಬೈಯಲಿಲ್ಲವೇ? ಊರು ಏನೆಂದಿತು? ಮದುವೆ ಕಷ್ಟವಾಗುತ್ತದೆ ಎನ್ನಲಿಲ್ಲವೇ? ಅಣ್ಣ ಫ್ರೆಂಚಿನಲ್ಲಿ ಎರಡೆರಡು ಸಲ ಹೇಳಿದ. ಹೆಂಗಸು ಅಣ್ಣನನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಬೈಯುವುದೇಕೆ ಎಂಬುದೇ ಅವಳಿಗೆ ಹೊಳೆಯಲಿಲ್ಲ. ತಾನೂ ಆಡಿದ್ದೆ, ತಾಯಿಯೂ ಆಡಿದ್ದಳು, ಕೊಯ್ಲಿಗೆ ಮುಂಚೆ ಎಲ್ಲರೂ ಆಡುತ್ತಾರೆ ಎಂದಳು.

ನಮ್ಮಲ್ಲಿ ಹುಡುಗಿ ಅಖಾಡಕ್ಕಿಳಿದರೆ ಅದೊಂದು ಬಂಡಾಯದ ಕಥೆಯೇ ಆಗಬೇಕು. ಹರಿಯಾಣದ ಬಲಾಲಿಯ ಅಪ್ಪ ಊರನ್ನೆಲ್ಲ ಎದುರು ಹಾಕಿಕೊಂಡು ಮಕ್ಕಳಿಗೆ ಕುಸ್ತಿ ಕಲಿಸಿದ್ದನ್ನು ‘ದಂಗಲ್’ ಸಿನಿಮಾದಲ್ಲಿ ನೋಡಿ ಅತ್ತಿದ್ದೇವೆ. ಮೈಸೂರಿನ ಹಳೇ ಗರಡಿಗಳ ಹೊಸ್ತಿಲನ್ನು ಹೆಂಗಸರು ತುಳಿಯುವಂತಿರಲಿಲ್ಲ. ದಸರಾ ಕುಸ್ತಿಯಲ್ಲಿ ಈಗ ಹುಡುಗಿಯರ ಜೋಡಿಯೂ ಇಳಿಯುತ್ತದೆ, ನೋಡಲು ಜನ ಸೇರುತ್ತಾರೆ, ಇಂದಿಗೂ ಅದೊಂದು ವಿಶೇಷವೆಂದೇ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮ್ಲೊಂಪ್‌ನಲ್ಲಿ ವಿಶೇಷ ಅನ್ನಿಸಿದ್ದು ನನ್ನ ಪ್ರಶ್ನೆ. ಸಾಂಬೂಳ ಗೆಲುವಿಗಿಂತ ನನಗೆ ಅದೇ ದೊಡ್ಡ ಸೋಜಿಗವಾಗಿ ಕಂಡಿತು.

ಬಿಸಿಲಿಳಿದ ಮೇಲೆ ಬೂರುಗದ ಆಚೆ ಬಯಲಲ್ಲಿ ಮಕ್ಕಳು ಸೇರಿದರು. ಗುದ್ದಲಿಯಿಂದ ಮರಳು ಕೆದಕಿ, ಕಲ್ಲು ಕಡ್ಡಿ ಆರಿಸಿ ಹಾಕಿದರು. ಅರ್ಧಕ್ಕರ್ಧ ಹುಡುಗಿಯರು. ಓಟ, ಬಸ್ಕಿ, ಒಬ್ಬರನ್ನೊಬ್ಬರು ಹೊತ್ತು ನಡೆಯುವುದು. ಆಮೇಲೆ ಜೋಡಿ ಬಿಟ್ಟರು. ನನ್ನೆದುರಿನ ಜೋಡಿಯಲ್ಲಿ ಒಬ್ಬಳು ಹಳದಿ ಬನಿಯನ್ನಿನವಳು, ಇನ್ನೊಬ್ಬಳು ಜಡೆಗೆ ಕೆಂಪು ದಾರ ಕಟ್ಟಿದವಳು, ಹದಿನಾಲ್ಕು ಹದಿನೈದರ ಪ್ರಾಯ. ಇಬ್ಬರೂ ಬಗ್ಗಿ ಒಂದೊಂದು ಹಿಡಿ ಮರಳು ತೆಗೆದು ಅಂಗೈಗೆ ಉಜ್ಜಿಕೊಂಡರು, ಬೆವರಿಗೆ ಹಿಡಿತ ಜಾರದಿರಲಿ ಎಂದು. ಹಣೆಗೆ ಹಣೆ ಕೊಟ್ಟು ನಿಂತರು. ಅರ್ಧ ನಿಮಿಷ ಏನೂ ಇಲ್ಲ. ಬೆರಳುಗಳು ಮಾತ್ರ ಎದುರಾಳಿಯ ಮಣಿಕಟ್ಟನ್ನು ತಡಕುತ್ತ, ಬಿಡಿಸಿಕೊಳ್ಳುತ್ತ ಇದ್ದವು. ಹಳದಿಯವಳ ಎಡಗೈ ಒಮ್ಮೆ ಕೆಳಗೆ ಹೋಗಿ ಬಂತು, ಸುಳ್ಳು ದಾಳಿ. ಕೆಂಪು ದಾರದವಳು ಕಾಲು ಹಿಂದೆಳೆದಳು. ಎಳೆದ ಆ ಕ್ಷಣಕ್ಕೇ ಕಾದಿದ್ದಳೋ ಏನೋ, ಹಳದಿಯವಳು ಭುಜವನ್ನು ಎದುರಾಳಿಯ ಹೊಟ್ಟೆಗೆ ಕೊಟ್ಟು, ಇನ್ನೊಂದು ಮೊಣಕಾಲ ಹಿಂದೆ ಕೈ ಹಾಕಿ ಎತ್ತಿಯೇಬಿಟ್ಟಳು. ಧೊಪ್ಪೆಂದು ಮರಳು ಹಾರಿತು. ಕುಳಿತಿದ್ದ ಹೆಂಗಸರು ಚಪ್ಪಾಳೆಯೊಡನೆ ಹಾಡೆತ್ತಿದರು, ಗೆದ್ದವಳ ಗೆಳತಿಯರು ಕಣಕ್ಕೆ ನುಗ್ಗಿ ನೆಲ ಅದುರುವ ಹಾಗೆ ಕುಣಿದರು. ಬಿದ್ದವಳೂ ಮರಳು ಉಗುಳುತ್ತ ಎದ್ದು, ಎರಡು ಹೆಜ್ಜೆ ಕುಣಿದೇ ಹೊರಗೆ ಹೋದಳು.

ಆ ಬೆನ್ನು, ಆ ಸೊಂಟ ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ಮಳೆಗಾಲದಲ್ಲಿ ಗಂಡಸರು ಉದ್ದ ಹಿಡಿಯ ‘ಕಜಂದು’ ಎಂಬ ಮರದ ಸನಿಕೆಯಿಂದ ಗದ್ದೆ ಮಗುಚುತ್ತಾರೆ. ನೆಡುವುದು, ಕೊಯ್ಯುವುದು, ತಲೆಹೊರೆ ಹೊರುವುದು ಹೆಂಗಸರ ಪಾಲು. ಮಳೆ ನಿಂತ ಮೇಲೆ ಎಷ್ಟೋ ಹುಡುಗಿಯರು ಡಾಕರ್‌ಗೆ ಮನೆಗೆಲಸಕ್ಕೆ ಹೋಗುತ್ತಾರೆ, ಹಡಗಿಗೆ ಹೆಸರು ಕೊಟ್ಟ ಅಲೀನ್ ಸಿತೊಯೆ ಹೋದ ಹಾಗೆ. ಕಣದಲ್ಲಿದ್ದ ಹುಡುಗಿಯರಲ್ಲಿ ಕೆಲವರ ಬಾಯಲ್ಲಿ ಬೇರೊಂದು ಡಾಕರ್ ಇತ್ತು: 2026ರ ಯುವ ಒಲಿಂಪಿಕ್ಸ್. ಆಫ್ರಿಕಾದ ನೆಲದಲ್ಲಿ ಮೊದಲ ಬಾರಿಗೆ ನಡೆಯುವ ಒಲಿಂಪಿಕ್ ಕೂಟಕ್ಕೆ ಆತಿಥ್ಯ ಅವರದೇ ದೇಶದ್ದು. ಹಳದಿ ಬನಿಯನ್ನಿನವಳು ಮಾತ್ರ ತನಗೆ ಮೊದಲು ಅರಸನ ಹಬ್ಬದಲ್ಲಿ ಗೆಲ್ಲಬೇಕು ಎಂದಳು.

ಹಾಡುತ್ತಿದ್ದವರಲ್ಲಿ ಒಬ್ಬ ಅಜ್ಜಿ, ಹಲ್ಲು ಅರ್ಧ ಹೋದವಳು, ಮೊದಲಿನಿಂದಲೂ ಗೊಣಗುತ್ತಲೇ ಇದ್ದಳು. ಕೆಂಪು ದಾರದವಳನ್ನು ಕರೆದು, ಕಾಲು ಹೀಗಲ್ಲ, ಹಾಗೆ ಎಂದು ಮರಳಲ್ಲಿ ಗೆರೆ ಎಳೆದು ತೋರಿಸಿದಳು. ಹುಡುಗಿಯ ತಲೆಗೆ ಹೋಗಲಿಲ್ಲ. ಅಜ್ಜಿ ಸುತ್ತ ನೋಡಿದಳು, ನಾನು ಅವಳ ಕಣ್ಣಿಗೆ ಬಿದ್ದೆ. ಎದ್ದು ಬಂದು ನನ್ನ ಮುಂಗೈ ಹಿಡಿದು ಒತ್ತಿ ನೋಡಿದಳು, ಏನೋ ಹೇಳಿದಳು, ಎಲ್ಲರೂ ನಕ್ಕರು.

“ಏನಂತೆ ಅಣ್ಣ?”

“ಅಕ್ಕಿ ತಿಂದ ಕೈಯೇ ಹೌದು, ಆದರೆ ಕೆಲಸ ಮಾಡಿದ ಕೈಯಲ್ಲ ಅಂತೆ. ನಿಲ್ಲು ಮಾರಾಯ್ತಿ, ಹೆದರಬೇಡ, ತೋರಿಸ್ತಾಳಂತೆ ಅಷ್ಟೇ.”

ಚೂಡಿದಾರದ ವೇಲನ್ನು ಅಣ್ಣನ ಕೈಗೆ ಕೊಟ್ಟು ನಿಂತೆ. ಅಜ್ಜಿಯ ಹಣೆ ನನ್ನ ಹಣೆಗೆ ತಾಗಿತು. ಹೊಗೆಯ, ತಾಳೆಣ್ಣೆಯ ವಾಸನೆ. ಅವಳ ಒಂದು ಕೈ ನನ್ನ ಭುಜದ ಮೇಲಿತ್ತು, ಇನ್ನೊಂದು ಎಲ್ಲಿ ಹೋಯಿತೆಂದು ಯೋಚಿಸುವಷ್ಟರಲ್ಲಿ ಬೂರುಗದ ತುದಿ ಕಂಡಿತು, ಅದರಾಚೆ ಆಕಾಶ ಕಂಡಿತು. ನಾನು ಚಿತ್. ನೋವೇ ಆಗಲಿಲ್ಲ, ಅಷ್ಟು ನಯವಾಗಿ ಮಲಗಿಸಿದ್ದಳು. ಹೆಂಗಸರು ಹಾಡೆತ್ತಿದರು, ಕೆಂಪು ದಾರದವಳು ಮೊದಲಾಗಿ ಹುಡುಗಿಯರೆಲ್ಲ ಅಜ್ಜಿಯ ಸುತ್ತ ಕುಣಿದರು, ಅಣ್ಣ ನನ್ನ ವೇಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ. ಅಜ್ಜಿ ಕೈ ಕೊಟ್ಟು ನನ್ನನ್ನು ಎಬ್ಬಿಸಿ, ಬೆನ್ನಿನ ಮರಳು ಕೊಡವಿ, ಇನ್ನೊಮ್ಮೆ ನಿಲ್ಲು ಎಂದು ಸನ್ನೆ ಮಾಡಿದಳು.